ಡಿಬೇಕಿಯೋ ಆಡ್ಸನ್ನೋ: ನಾಜೂಕು ಅಂಗಾಂಶಕ್ಕೆ ಯಾವ ಫೋರ್ಸೆಪ್ಸ್?

ಡಿಬೇಕಿ, ಆಡ್ಸನ್ ಎರಡೂ ಶಸ್ತ್ರಚಿಕಿತ್ಸೆಯಲ್ಲಿ ಅಂಗಾಂಶ ಹಿಡಿಯುವ ಫೋರ್ಸೆಪ್ಸ್, ಅಂದರೆ ಚಿಮುಟಗಳು. ರಕ್ತನಾಳ, ಕರುಳಿನಂಥ ಕಡೆ ನಾನು ಡಿಬೇಕಿಯನ್ನೇ ಆರಿಸುತ್ತೇನೆ. ಅದರ ಒಂದು ದವಡೆಯಲ್ಲಿ ನವಿರಾದ ಗೀರುಗಳ ಎರಡು ಸಾಲು, ಎದುರಿನದರಲ್ಲಿ ಅವುಗಳ ನಡುವೆ ಕೂರುವ ಒಂದೇ ಸಾಲು. ಒತ್ತಡ ಉದ್ದಕ್ಕೂ ಹಂಚಿಹೋಗುವುದರಿಂದ ನಾಳದ ಗೋಡೆಗೆ ಪೆಟ್ಟು ಕಡಿಮೆ. ಆಳದ ಕೆಲಸಕ್ಕೆ ಉದ್ದನೆಯವೂ ಸಿಗುತ್ತವೆ.

ಚರ್ಮ ಹೊಲಿಯುವಾಗ ಮಾತ್ರ ಹಲ್ಲಿರುವ ಆಡ್ಸನ್ನೇ ಮೇಲು. ಹಲ್ಲು ಕಂಡರೆ ಗಾಯ ಜಾಸ್ತಿ ಅನ್ನಿಸುತ್ತದೆ, ಆದರೆ ಒಂದು ಕಡೆಯ ಒಂದು, ಇನ್ನೊಂದು ಕಡೆಯ ಎರಡು ಹಲ್ಲು ಒಳಚರ್ಮವನ್ನು ಹಗುರವಾಗಿ ಹಿಡಿದಿಡುತ್ತವೆ. ಹಲ್ಲಿಲ್ಲದ್ದು ಜಾರುತ್ತದೆ, ಜಾರಿದಷ್ಟೂ ಬೆರಳು ಅದುಮುತ್ತದೆ, ಚರ್ಮದ ಅಂಚು ಜಜ್ಜಿ ಬಿಳಿಚಿಕೊಳ್ಳುತ್ತದೆ. ಅದೇ ಹಲ್ಲನ್ನು ಕರುಳಿಗೆ ತಾಗಿಸಿದರೆ ತೂತು ಬಿದ್ದೀತು, ಅಲ್ಲಿ ಬೇಡವೇ ಬೇಡ.

ಡಿಬೇಕಿ ಕೊಂಡರೆ ಅದರಿಂದ ಸೂಜಿ ಹಿಡಿಯಬೇಡಿ, ಗೀರುಗಳು ಹಾಳಾಗುತ್ತವೆ.