ಸ್ವಿಫ್ಟ್ ಸ್ಪೋರ್ಟ್ ಮೈಮೇಲೆ ಅನಿಮೆ ಐಡಲ್: ಇತಾಶಾ ಫಿಲ್ಮಿನ ಬಹುಕಾಲದ ಬಳಕೆಯ ವಿಮರ್ಶೆ

ಪಕ್ಕದ ಬಾಗಿಲುಗಳ ಮೇಲಿನ ಚಿತ್ರಕ್ಕೆ ಐದಕ್ಕೆ ನಾಲ್ಕೂವರೆ ಅಂಕ. ಬಾನೆಟ್ ಮೇಲಿನದಕ್ಕೆ ಎರಡು ಕೊಟ್ಟರೂ ಜಾಸ್ತಿಯೇ. ಎರಡೂ ಒಂದೇ ರೋಲಿನ ಫಿಲ್ಮ್ (ಚಿತ್ರ ಮುದ್ರಿಸಿ ಕಾರಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ), ಒಂದೇ ಪ್ರಿಂಟರಿನ ಶಾಯಿ, ಒಂದೇ ಕೈಯ ಕೆಲಸ. ಆದರೂ ವರ್ಷ ಕಳೆದಂತೆ ಒಂದು ಹೊಸದರಂತೆ ಉಳಿಯುತ್ತದೆ, ಇನ್ನೊಂದು ಬಿಳಚಿಕೊಂಡು ಬಿರುಕುಬಿಡುತ್ತದೆ. ಇತಾಶಾ, ಅಂದರೆ ಅನಿಮೆ (ಜಪಾನಿನ ಕಾರ್ಟೂನ್) ಪಾತ್ರಗಳನ್ನು ಮೈತುಂಬ ಹೊತ್ತ ಜಪಾನಿನ ಕಾರು, ಮಾಡಿಸಬೇಕೆಂದಿರುವವರು ಮೊದಲು ತಿಳಿಯಬೇಕಾದ್ದು ಇದನ್ನೇ. ಯಾವ ಹುಡುಗಿಯ ಚಿತ್ರ ಎಂಬ ಪ್ರಶ್ನೆ ಆಮೇಲೆ.

ಇಲ್ಲಿ ಹೇಳುತ್ತಿರುವುದು ಜಪಾನಿನ ಸುಜುಕಿ ಸ್ವಿಫ್ಟ್ ಸ್ಪೋರ್ಟ್, ಝಡ್‌ಸಿ33ಎಸ್ ಮಾದರಿಯ ಬಗ್ಗೆ. 2017ರಲ್ಲಿ ಬಂದದ್ದು, 3890 ಮಿ.ಮೀ. ಉದ್ದ, 1735 ಮಿ.ಮೀ. ಅಗಲ, ಮ್ಯಾನ್ಯುವಲ್ ಗೇರಿನದು 970 ಕಿಲೋ ತೂಕ. 2018ರಲ್ಲಿ ಭಾರತಕ್ಕೆ ಬಂದ ಮಾರುತಿ ಸ್ವಿಫ್ಟ್‌ನ ದಾಯಾದಿ, ಬಾಗಿಲುಗಳ ಆಕಾರ ನಮ್ಮವರಿಗೆ ಪರಿಚಿತವೇ. ಚಿತ್ರದ ವಿಷಯ ‘ಲವ್ ಲೈವ್! ಸನ್‌ಶೈನ್!!’ ಅನಿಮೆಯ ಅಕ್ವಾ ಎಂಬ ಐಡಲ್ ತಂಡ, ಅಂದರೆ ವೇದಿಕೆಯಲ್ಲಿ ಹಾಡಿ ಕುಣಿಯುವ ಹುಡುಗಿಯರ ಗುಂಪು. ಶಿಜುಒಕಾ ಪ್ರಾಂತದ ನುಮಾಜು ಪಟ್ಟಣದಲ್ಲಿ ನಡೆಯುವ ಕಥೆ ಅದು. ಆ ಊರಿನ ಬಸ್ಸು, ಟ್ಯಾಕ್ಸಿಗಳೇ ಈ ಹುಡುಗಿಯರ ಚಿತ್ರ ಹೊತ್ತು ಓಡಾಡಿವೆ.

ಇತಾಶಾಕ್ಕೆ ಈ ಕಾರು ಒಳ್ಳೆಯ ಆಯ್ಕೆ ಅನ್ನುವುದಕ್ಕೆ ಎರಡು ಗಟ್ಟಿ ಕಾರಣಗಳಿವೆ. ಪ್ರಿಂಟಿಂಗ್ ಫಿಲ್ಮ್ ಸಾಮಾನ್ಯವಾಗಿ 1370 ಮಿ.ಮೀ. ಅಗಲದ ರೋಲಿನಲ್ಲಿ ಬರುತ್ತದೆ. ಸಣ್ಣ ಹ್ಯಾಚ್‌ಬ್ಯಾಕಿನ ಪಕ್ಕ, ಬಾಗಿಲ ಕೆಳಗಿನ ಹಲಗೆಯಿಂದ ಛಾವಣಿಯ ಅಂಚಿನವರೆಗೂ, ಅಷ್ಟರಲ್ಲೇ ಮುಗಿಯುತ್ತದೆ. ಹಾಗಾಗಿ ಮುಖದ ನಡುವೆ ಅಡ್ಡ ಜೋಡಣೆಯ ಗೆರೆ ಬರುವುದಿಲ್ಲ. ದೊಡ್ಡ ವ್ಯಾನುಗಳಲ್ಲಿ ಅದನ್ನು ತಪ್ಪಿಸುವುದೇ ಕಷ್ಟ. ಇನ್ನೊಂದು, ಈ ತಲೆಮಾರಿನ ಸ್ವಿಫ್ಟ್‌ನಲ್ಲಿ ಹಿಂಬಾಗಿಲ ಹ್ಯಾಂಡಲ್ ಕಿಟಕಿಯ ಪಕ್ಕದ ಕಂಬದ ಹತ್ತಿರ ಅಡಗಿ ಕೂತಿದೆ. ಬಾಗಿಲ ತಗಡು ಪೂರ್ತಿ ಖಾಲಿ. ಐಡಲ್‌ನ ಮುಖ ಅಲ್ಲಿಗೇ ಬರುವಂತೆ ವಿನ್ಯಾಸ ಮಾಡಿದರೆ ಮೂಗಿನ ಮೇಲೆ ಹ್ಯಾಂಡಲ್ ಮೂಡುವ ಅವಸ್ಥೆ ಇಲ್ಲ. ಆಮೇಲಿನ ತಲೆಮಾರಿನಲ್ಲಿ ಹ್ಯಾಂಡಲ್ ಮತ್ತೆ ಬಾಗಿಲಿಗೇ ಇಳಿದಿದೆ. ಹೊಸ ಸ್ವಿಫ್ಟ್‌ಗೆ ಹಳೆಯದರ ವಿನ್ಯಾಸವನ್ನು ಹಾಗೇ ಎತ್ತಿ ಹಾಕಲು ಬರುವುದಿಲ್ಲ.

ವಿನ್ಯಾಸದಲ್ಲಿ ಹೆಚ್ಚಿನವರು ಎಡವುವುದು ಕನ್ನಡಿ ಬಿಂಬದಲ್ಲಿ. ಎಡಪಕ್ಕದ ಚಿತ್ರವನ್ನೇ ತಿರುಗಿಸಿ ಬಲಕ್ಕೆ ಹಾಕಿದರೆ ಚಿತ್ರಕಾರರ ಅರ್ಧ ಖರ್ಚು ಉಳಿಯುತ್ತದೆ, ನಿಜ. ಆದರೆ ಅಕ್ವಾ ತಂಡದ ಯೋಶಿಕೊಳ ಕೂದಲ ಗಂಟು ತಲೆಯ ಒಂದೇ ಪಕ್ಕದಲ್ಲಿರುತ್ತದೆ. ತಿರುಗಿಸಿದರೆ ಅದು ತಪ್ಪು ಕಡೆಗೆ ಹೋಗುತ್ತದೆ. ದಾರಿಹೋಕರು ಗಮನಿಸಲಿಕ್ಕಿಲ್ಲ, ಟೋಕಿಯೊದ ಅನಿಮೆ ಪೇಟೆ ಅಕಿಹಬರಾದ ಯುಡಿಎಕ್ಸ್ ಕಟ್ಟಡದ ಪಾರ್ಕಿಂಗ್‌ನಲ್ಲಿ ಕಾರು ನಿಂತ ಮರುಕ್ಷಣ ಅಭಿಮಾನಿಗಳು ಗಮನಿಸುತ್ತಾರೆ. ಎರಡು ಪಕ್ಕಕ್ಕೆ ಎರಡು ಚಿತ್ರ ಬರೆಸುವುದೇ ಸರಿ. ಎರಡು ಬಾಗಿಲ ನಡುವಿನ ಸಂದು ಕೂದಲಿನಲ್ಲೋ ಉಡುಪಿನಲ್ಲೋ ಹಾದುಹೋಗಲಿ, ಕಣ್ಣಿನಲ್ಲಿ ಬೇಡ. ಕಡತ ನಿಜವಾದ ಅಳತೆಯಲ್ಲಿ 100ರಿಂದ 150 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕಿ) ಇದ್ದರೆ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಕಂಪ್ಯೂಟರಿಗೆ ದಂಡನೆ, ಕಣ್ಣಿಗೆ ಲಾಭವಿಲ್ಲ.

ಹಕ್ಕಿನ ವಿಷಯ ಚುಟುಕಾಗಿ. ಅಧಿಕೃತ ಚಿತ್ರವನ್ನು ಅಂತರ್ಜಾಲದಿಂದ ಇಳಿಸಿ ತಂದುಕೊಟ್ಟರೆ ಜವಾಬ್ದಾರಿಯುಳ್ಳ ಸ್ಟಿಕರ್ ಅಂಗಡಿ ಪ್ರಿಂಟ್ ಹಾಕುವುದಿಲ್ಲ. ಕಂಪ್ಯೂಟರ್ ಗಾಯಕಿ ಹತ್ಸುನೆ ಮಿಕುವಿನ ಹಕ್ಕುದಾರರಾದ ಕ್ರಿಪ್ಟನ್ ಸಂಸ್ಥೆ, ಲಾಭದ ಉದ್ದೇಶವಿಲ್ಲದ ಬಳಕೆಗೆ ಲಿಖಿತ ನಿಯಮಗಳನ್ನೇ ಪ್ರಕಟಿಸಿದೆ. ಎಲ್ಲ ಹಕ್ಕುದಾರರೂ ಅಷ್ಟು ಉದಾರಿಗಳಲ್ಲ, ಮೊದಲೇ ಓದಿಕೊಳ್ಳಿ.

ಇನ್ನು ಫಿಲ್ಮ್. ಕಾಸ್ಟ್ ಮತ್ತು ಕ್ಯಾಲೆಂಡರ್ಡ್ ಎಂದು ಎರಡು ಜಾತಿ. ಕಾಸ್ಟ್ ಫಿಲ್ಮ್ ಸುಮಾರು 50 ಮೈಕ್ರಾನ್ ತೆಳು, ದ್ರವವನ್ನು ಹರಡಿ ಒಣಗಿಸಿ ಮಾಡಿದ್ದು, ಹಾಗಾಗಿ ಕುಗ್ಗುವ ಸ್ವಭಾವ ಕಡಿಮೆ. ಕ್ಯಾಲೆಂಡರ್ಡ್ ಫಿಲ್ಮನ್ನು ಉರುಳೆಗಳ ನಡುವೆ ಒತ್ತಿ ಎಳೆದಿರುತ್ತಾರೆ. ಬಿಸಿಲಿಗೆ ಅದು ಮೊದಲಿನ ಅಳತೆಗೆ ಮರಳಲು ನೋಡುತ್ತದೆ, ಅಂಚುಗಳಲ್ಲಿ ಹಿಂದೆ ಸರಿದು ಅಂಟಿನ ಕಪ್ಪು ಗೆರೆ ಬಿಡುತ್ತದೆ. ಬೆಲೆ ಕಡಿಮೆ ಅಂತ ಅದನ್ನು ಬಂಪರಿನ ತಿರುವಿಗೆ ಹಾಕಿಸಿದರೆ ಒಂದೆರಡು ಬೇಸಿಗೆಯೊಳಗೆ ಮೂಲೆ ಏಳುತ್ತದೆ. 3ಎಂ ಐಜೆ180 ಅಥವಾ ಎವರಿ ಡೆನಿಸನ್ ಎಂಪಿಐ 1105 ದರ್ಜೆಯ ಕಾಸ್ಟ್ ಫಿಲ್ಮ್, ಅದರ ಮೇಲೆ ಅದೇ ತಯಾರಕರ ಕಾಸ್ಟ್ ಲ್ಯಾಮಿನೇಷನ್ ಕೇಳಿ. ಕೆಳಗೆ ಕಾಸ್ಟ್, ಮೇಲೆ ಅಗ್ಗದ ಲ್ಯಾಮಿನೇಷನ್ ಹಾಕಿದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಅಂಚು ಮೇಲಕ್ಕೆ ಸುರುಳಿಯಾಗುತ್ತದೆ. ಸಾಲ್ವೆಂಟ್ (ದ್ರಾವಕ ಬೆರೆತ) ಶಾಯಿಯಾದರೆ ಪ್ರಿಂಟ್ ಆದ ಮೇಲೆ ಕನಿಷ್ಠ ಒಂದು ದಿನ ಗಾಳಿಯಾಡಲು ಬಿಡಬೇಕು. ಬೆಳಿಗ್ಗೆ ಪ್ರಿಂಟ್, ಮಧ್ಯಾಹ್ನ ಲ್ಯಾಮಿನೇಷನ್ ಎನ್ನುವ ಅಂಗಡಿಗೆ ಕೈಮುಗಿದು ಹೊರಬನ್ನಿ. ಒಳಗೆ ಉಳಿದ ದ್ರಾವಕ ಅಂಟನ್ನು ಮೆದುಗೊಳಿಸುತ್ತದೆ, ಗುಳ್ಳೆ ಏಳುತ್ತದೆ.

ಸ್ವಿಫ್ಟ್ ಸ್ಪೋರ್ಟ್‌ನ ಹೆಸರುವಾಸಿ ಬಣ್ಣ ಹಳದಿ. ತೆಳುವಾದ ಬಿಳಿ ಫಿಲ್ಮಿನಡಿ ಅದು ಇಣುಕಿ ಪಾತ್ರದ ಚರ್ಮಕ್ಕೆ ಕಾಮಾಲೆ ಹಿಡಿದಂತೆ ಕಾಣಿಸಬಹುದು. ಅಂಟಿನ ಪದರ ಬೂದು ಬಣ್ಣದ್ದಾಗಿರುವ ಫಿಲ್ಮ್ ಕೇಳಿದರೆ ಈ ತೊಂದರೆ ತಪ್ಪುತ್ತದೆ.

ಬಣ್ಣ ಮಾಸುವುದರಲ್ಲಿ ಒಂದು ಕ್ರಮವಿದೆ. ನಾಲ್ಕು ಶಾಯಿಗಳಲ್ಲಿ ಹಳದಿ ಮತ್ತು ಮಜೆಂಟಾ (ನೇರಳೆಗೆಂಪು) ಬಿಸಿಲಿಗೆ ಬೇಗ ಸೋಲುತ್ತವೆ. ಸಯಾನ್ (ಹಸಿರುನೀಲಿ), ಕಪ್ಪು ಗಟ್ಟಿ. ಅನಿಮೆ ಪಾತ್ರದ ಮುಖದ ಬಣ್ಣ ಅಂದರೆ ತೀರಾ ತೆಳುವಾಗಿ ಚಿಮುಕಿಸಿದ ಹಳದಿ ಮತ್ತು ಮಜೆಂಟಾ ಚುಕ್ಕಿಗಳೇ. ಹಾಗಾಗಿ ಇಡೀ ಚಿತ್ರದಲ್ಲಿ ಮೊದಲು ಸಾಯುವುದು ಮುಖ! ಕೂದಲಿನ ಕಪ್ಪು ಗೆರೆಗಳು ಚೂಪಾಗಿ ನಿಂತಿರುತ್ತವೆ, ಕೆನ್ನೆಯ ಕೆಂಪು ಮಾತ್ರ ಹಾರಿಹೋಗಿರುತ್ತದೆ. ಅಕ್ವಾ ತಂಡದ ಒಬ್ಬೊಬ್ಬರಿಗೂ ಒಂದೊಂದು ಬಣ್ಣ ಗೊತ್ತುಮಾಡಿದೆ. ಯೋ ಎಂಬವಳ ತಿಳಿನೀಲಿ ಹಿನ್ನೆಲೆ ಬಹಳ ಕಾಲ ತಾಳುತ್ತದೆ, ರಿಕೊಳ ತಿಳಿಗುಲಾಬಿ, ಹನಮಾರುವಿನ ಹಳದಿ ಅಷ್ಟು ತಾಳುವುದಿಲ್ಲ. ಮೆಚ್ಚಿನವಳನ್ನು ಇದಕ್ಕಾಗಿ ಬದಲಾಯಿಸಿ ಅಂತಲ್ಲ, ಆ ಬಣ್ಣಗಳನ್ನು ಒಂದು ಪಟ್ಟು ಗಾಢವಾಗಿ ಇಟ್ಟುಕೊಳ್ಳಿ. ಬಾನೆಟ್ ಮತ್ತು ಛಾವಣಿಗೆ ಬಿಸಿಲು ನೇರವಾಗಿ ಬೀಳುತ್ತದೆ, ಜೊತೆಗೆ ಬಾನೆಟ್ಟಿಗೆ ಎಂಜಿನ್ ಶಾಖ, ಎಗರುವ ಕಲ್ಲು, ಹಕ್ಕಿಯ ಹಿಕ್ಕೆ. ಮಲಗಿದ ಮೈಗೆ ತಯಾರಕರು ಕೊಡುವ ಭರವಸೆಯ ಅವಧಿಯೂ ನಿಂತ ಮೈಗಿಂತ ಕಡಿಮೆ. ಬಾನೆಟ್ ಮೇಲೆ ಮುಖ ಬೇಡ, ತಂಡದ ಲಾಂಛನವೋ ಅಕ್ಷರಗಳೋ ಇರಲಿ. ಎರಡು ಮೂರು ವರ್ಷಕ್ಕೊಮ್ಮೆ ಅದೊಂದನ್ನು ಬದಲಿಸುವ ಲೆಕ್ಕ ಇಟ್ಟುಕೊಳ್ಳಿ.

ಅಂಟಿಸುವಾಗ ಕೊಠಡಿ 20ರಿಂದ 25 ಡಿಗ್ರಿ ಇದ್ದರೆ ಹಿತ. ಮೇಣದ ಪಾಲಿಶ್ ಪೂರ್ತಿ ತೆಗೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಬೇಕು, ಬಾಗಿಲಂಚಿನ ಒಳಭಾಗವನ್ನೂ ಬಿಡದೆ. ಹೆಚ್ಚಿನ ಫಿಲ್ಮ್ ಏಳುವುದು ಅಲ್ಲಿಂದಲೇ. ಮುಂಬಾಗಿಲ ಹ್ಯಾಂಡಲ್ ಹಿಂದಿನ ಗುಳಿಗೆ ಫಿಲ್ಮನ್ನು ಎಳೆದು ಕೂರಿಸಿದರೆ ಅದು ಮರಳಿ ಎದ್ದುಬರುತ್ತದೆ. ಹ್ಯಾಂಡಲ್ ಬಿಚ್ಚಿ, ಗುಳಿಯೊಳಗೆ ನಿಧಾನಕ್ಕೆ ಕೂರಿಸಿ, ಆಮೇಲೆ ಹೀಟ್ ಗನ್‌ನಿಂದ ಸುಮಾರು 100 ಡಿಗ್ರಿ ಮುಟ್ಟಿಸಿದರೆ ಎಳೆದ ನೆನಪು ಅಳಿಯುತ್ತದೆ. ಕೈಯಂದಾಜು ಬೇಡ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಲಿ. ಬಣ್ಣ ಹೊಡೆಯದ ಒರಟು ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಏನು ಮಾಡಿದರೂ ನಿಲ್ಲುವುದಿಲ್ಲ, ಬಿಟ್ಟುಬಿಡಿ.

ಜಪಾನಿನ ವಾಹನ ತಪಾಸಣೆ ಹೊಸ ಕಾರಿಗೆ ಮೂರನೇ ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ. ಮೈಮೇಲಿನ ಐಡಲ್‌ಗೆ ಯಾರ ತಕರಾರೂ ಇಲ್ಲ, ಗಾಜಿನ ವಿಷಯದಲ್ಲಿ ಮಾತ್ರ ಬಿಗಿ. ಮುಂಗಾಜಿನ ಮೇಲೆ ಅಲಂಕಾರದ ಸ್ಟಿಕರ್ ಬೇಡವೇ ಬೇಡ, ಮುಂದಿನ ಪಕ್ಕದ ಗಾಜು ಶೇ. 70 ಬೆಳಕು ಬಿಡಬೇಕು. ಹಿಂದಿನ ಗಾಜುಗಳಿಗೆ ಸಣ್ಣ ತೂತುಗಳ ಫಿಲ್ಮ್ ಹಾಕಬಹುದು, ಆದರೆ ಮಳೆಯಲ್ಲಿ ತೂತುಗಳಲ್ಲಿ ನೀರು ನಿಂತು ಹಿಂದಿನದೇನೂ ಕಾಣದು. ಮೇಲೆ ಪಾರದರ್ಶಕ ಲ್ಯಾಮಿನೇಷನ್ ಇದ್ದರೆ ವಾಸಿ. ಮುಂಭಾಗದಲ್ಲಿ ರಾಡಾರ್ ಇರುವ ಕಾರಿನಲ್ಲಿ ಅದರ ಮುಂದೆ ಫಿಲ್ಮ್ ಹಾಕಬಾರದು, ಲೋಹದ ಪದರವಿರುವ ಕ್ರೋಮ್ ಫಿಲ್ಮಂತೂ ಸಲ್ಲದು.

ತೊಳೆಯುವುದಕ್ಕೆ ಕೈಯೇ ಲೇಸು. ಪೆಟ್ರೋಲ್ ಬಂಕಿನ ಬ್ರಷ್ ಯಂತ್ರ ಲ್ಯಾಮಿನೇಷನ್‌ಗೆ ಗೀರು ಹಾಕುತ್ತದೆ. ಪ್ರೆಷರ್ ವಾಷರ್ ಬಳಸುವುದಾದರೆ ಕೊಳವೆ 30 ಸೆಂ.ಮೀ. ದೂರವಿರಲಿ, ನೀರು ಮೈಗೆ ನೇರ ಬೀಳಲಿ. ಓರೆಯಾಗಿ ಹಿಡಿದರೆ ನೀರು ಅಂಚಿನಡಿ ನುಗ್ಗುತ್ತದೆ. ವಸಂತದಲ್ಲಿ ಚೀನಾ ಕಡೆಯಿಂದ ಬರುವ ಹಳದಿ ಧೂಳನ್ನು ಒಣಬಟ್ಟೆಯಿಂದ ಒರೆಸಬೇಡಿ, ಮರಳುಕಾಗದ ಉಜ್ಜಿದಂತಾಗುತ್ತದೆ. ಪೆಟ್ರೋಲ್ ತುಂಬಿಸುವ ಮುಚ್ಚಳದ ಕೆಳಗೆ ಸುರಿದ ಹನಿಯನ್ನು ತಕ್ಷಣ ಒರೆಸಿ.

ಎರಡೂ ಪಕ್ಕ, ಬಾನೆಟ್, ಹಿಂಬಾಗಿಲು ಸೇರಿದರೆ ಖರ್ಚು ಲಕ್ಷಗಟ್ಟಲೆ ಯೆನ್. ವಿಮೆಯವರಿಗೆ ಮುಂಚೆಯೇ ತಿಳಿಸದಿದ್ದರೆ ಅಪಘಾತದಲ್ಲಿ ತಗಡಿನ ದುಡ್ಡು ಬಂದರೂ ಚಿತ್ರದ ದುಡ್ಡು ಬರದೇ ಹೋಗಬಹುದು, ಬಿಲ್ ಇಟ್ಟುಕೊಳ್ಳಿ. ಅಂಗಡಿಯಿಂದ ಅಂತಿಮ ಪ್ರಿಂಟ್ ಕಡತ, ಫಿಲ್ಮಿನ ಸಂಖ್ಯೆ, ಬಣ್ಣದ ಪ್ರೊಫೈಲ್ ಕೇಳಿ ಪಡೆಯಿರಿ. ಒಂದೇ ಬಾಗಿಲು ಬದಲಿಸಬೇಕಾಗಿ ಬಂದರೆ ಹೊಸ ತುಂಡು ಪಕ್ಕದ ಹಳೆಯದಕ್ಕಿಂತ ಕಡುವಾಗಿ ಕಾಣುತ್ತದೆ. ಪಾತ್ರವನ್ನು ಎರಡು ಬಾಗಿಲಿಗೆ ಹರಡದೆ ಒಂದರಲ್ಲೇ ಮುಗಿಸಿದ್ದರೆ ಆ ವ್ಯತ್ಯಾಸ ಅಷ್ಟಾಗಿ ಎದ್ದು ಕಾಣದು.

ತೆಗೆಸುವುದನ್ನು ಮುಂದೂಡಬೇಡಿ. ಅವಧಿಯೊಳಗೆ ಬಿಸಿಮಾಡಿ, ಮೈಗೆ ಒತ್ತಿದಂತೆ ಸಣ್ಣ ಕೋನದಲ್ಲಿ ಎಳೆದರೆ ಹಾಳೆ ಇಡಿಯಾಗಿ ಬರುತ್ತದೆ. ಬಿರುಕುಬಿಟ್ಟ ಮೇಲೆ ಉಗುರಗಲದ ಚೂರುಗಳಾಗಿ ಕೀಳಬೇಕು, ಅಂಟು ಮೈಯಲ್ಲೇ ಉಳಿಯುತ್ತದೆ, ಕೂಲಿ ಏರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಅಂಟಿಸುವ ಮೊದಲೇ ಪೇಂಟ್ ದಪ್ಪ ಅಳೆಯುವ ಉಪಕರಣ ಹಿಡಿದು ನೋಡಿ. ಹಿಂದೆಂದೋ ಟಿಂಕರಿಂಗ್ ಆಗಿ ಮರುಬಣ್ಣ ಕಂಡ ತಗಡಾಗಿದ್ದರೆ ಫಿಲ್ಮಿನ ಜೊತೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಕೂಡ ಕಿತ್ತುಬರಬಹುದು, ಅಂಥ ಬಾಗಿಲಿಗೆ ಚಿತ್ರ ಹಾಕಿಸಬೇಡಿ.