ಹಲಗೆ, ವಾಟ್ಸಾಪ್, ಡೌಟ್ ನೋಟ್‌ಬುಕ್: ಕ್ಯಾಲ್ಕುಲಸ್ ಲೆಕ್ಕಕ್ಕೆ ಯಾವುದು ಹೆಚ್ಚು ನೆರವಾಯಿತು?

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದುವವರಿಗೆ ಕೋಚಿಂಗ್‌ಗಾಗಲಿ ರೀಡಿಂಗ್ ರೂಮಿಗಾಗಲಿ ಕೊರತೆ ಇಲ್ಲ. ಆದರೆ ರಾತ್ರಿ ಹತ್ತರ ಮೇಲೆ ಒಂದು ಇಂಟಿಗ್ರಲ್ ಅರ್ಧಕ್ಕೆ ನಿಂತರೆ ಕೇಳೋದು ಪಕ್ಕದಲ್ಲಿ ಕೂತ ಗೆಳತಿಯನ್ನೇ. ಪಿಯುಸಿ ಎರಡನೇ ವರ್ಷದಿಂದ ಬಿಎಸ್ಸಿವರೆಗೆ ನಾವು ಒಬ್ಬರಿಗೊಬ್ಬರು ಲೆಕ್ಕ ಹೇಳಿಕೊಡಲು ಮೂರು ದಾರಿ ಹಿಡಿದಿದ್ದೇವೆ. ರೂಮಿನಲ್ಲಿ ಹಲಗೆ ಮುಂದೆ ಕೂರುವುದು, ವಾಟ್ಸಾಪ್ ಗ್ರೂಪ್, ಮತ್ತೆ ಕೈಯಿಂದ ಕೈಗೆ ಓಡಾಡುವ ಒಂದು ಡೌಟ್ ನೋಟ್‌ಬುಕ್. ಮೂರೂ ಉಪಯೋಗಕ್ಕೆ ಬಂದಿವೆ, ಆದರೆ ಬೇರೆ ಬೇರೆ ಲೆಕ್ಕಗಳಿಗೆ. ಇವನ್ನು ಅಳೆಯಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾನು ಯಾವ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ ಅನ್ನೋದು ಹೇಳಿಕೊಡುವವರಿಗೆ ಕಾಣುತ್ತದೆಯಾ?

ಮೊದಲು ಹಲಗೆ. ನಮ್ಮ ಪಿಜಿಯಲ್ಲಿ ಗೋಡೆಗೆ ಒರಗಿಸಿದ ಒಂದು ಸಣ್ಣ ಕರಿಹಲಗೆ ಇದೆ. ಊಟ ಮುಗಿದ ಮೇಲೆ ನಾಲ್ಕೈದು ಜನ ಅದರ ಮುಂದೆ ನೆಲದ ಮೇಲೆ ಕೂರುತ್ತೇವೆ. ಡೆರಿವೇಟಿವ್ (ಒಂದು ಅಳತೆ ಬದಲಾಗುವ ದರ) ಬಳಸಿ ಮಾಡುವ ಮಾತಿನ ಲೆಕ್ಕಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಪಿಯುಸಿ ಓದಿದ ಎಲ್ಲರಿಗೂ ಏಣಿಯ ಲೆಕ್ಕ ಗೊತ್ತಿರುತ್ತದೆ. 5 ಮೀಟರ್ ಉದ್ದದ ಏಣಿ ಗೋಡೆಗೆ ಒರಗಿದೆ, ಅದರ ಬುಡವನ್ನು ಸೆಕೆಂಡಿಗೆ 2 ಸೆಂಟಿಮೀಟರ್‌ನಂತೆ ಗೋಡೆಯಿಂದ ಆಚೆ ಎಳೆಯುತ್ತಾರೆ. ಬುಡ ಗೋಡೆಯಿಂದ 4 ಮೀಟರ್ ದೂರ ಇದ್ದಾಗ ತುದಿ ಎಷ್ಟು ವೇಗದಲ್ಲಿ ಕೆಳಗಿಳಿಯುತ್ತದೆ? ರೋಣದ ಕಡೆಯ ಜೂನಿಯರ್ ಒಬ್ಬಳು ಮೈನಸ್ 8/3 ಅಂತ ಸರಿಯಾಗೇ ತಂದಿದ್ದಳು. ಆದರೂ ಮುಖ ಸಪ್ಪಗೆ. ‘ಅಕ್ಕಾ, ಈ ಮೈನಸ್ ಯಾಕ ಬಂತು? ಬುಡ 2ರಾಗ ಹೊಂಟ್ರ ತುದಿ ಅದಕ್ಕಿಂತ ಜೋರ್ ಹೆಂಗ್ ಇಳೀತೈತಿ?’

ಎರಡೂ ಒಳ್ಳೆಯ ಪ್ರಶ್ನೆ. ಕಸಬರಿಗೆಯ ಕೋಲನ್ನೇ ಗೋಡೆಗೆ ಒರಗಿಸಿ, ಬುಡವನ್ನು ಮೆಲ್ಲಗೆ ಎಳೆಯಲು ಅವಳಿಗೇ ಹೇಳಿದೆವು. ಬುಡ ಗೋಡೆಯ ಹತ್ತಿರ ಇದ್ದಾಗ ತುದಿ ಅಲುಗಿದ್ದೇ ಗೊತ್ತಾಗುವುದಿಲ್ಲ. ದೂರ ಹೋದಂತೆ ತುದಿ ಬೇಗ ಬೇಗ ಜಾರುತ್ತದೆ. ಎತ್ತರ ಕಡಿಮೆ ಆಗುತ್ತಿದೆ, ಅದಕ್ಕೇ ಮೈನಸ್. ಆ ಗಳಿಗೆಯಲ್ಲಿ ದೂರ 4, ಎತ್ತರ 3. ಹಾಗಾಗಿ ತುದಿಯ ವೇಗ ಬುಡದ ವೇಗದ 4/3 ಪಟ್ಟು. ಇದನ್ನು ಫೋಟೋದಲ್ಲಿ ಕಳಿಸೋಕೆ ಆಗಲ್ಲ. ಅವಳ ಉತ್ತರ ಸರಿ ಇದ್ದದ್ದರಿಂದ ವಾಟ್ಸಾಪ್‌ನಲ್ಲಾದರೆ ಒಂದು ಹೆಬ್ಬೆರಳು ಬಿದ್ದು ಮಾತು ಮುಗಿಯುತ್ತಿತ್ತು.

ಟ್ರಿಗನಾಮೆಟ್ರಿಯ ಐಡೆಂಟಿಟಿಗಳಿಗೂ ಹಲಗೆಯೇ ಸರಿ. ಅಲ್ಲಿ ಕಷ್ಟ ಇರೋದು ಎಲ್ಲಿಂದ ಶುರು ಮಾಡಬೇಕು ಅನ್ನೋದರಲ್ಲಿ. ಮೇಲೆ 1 ಪ್ಲಸ್ ಸೈನ್ ಥೀಟಾ ಮೈನಸ್ ಕಾಸ್ ಥೀಟಾ, ಕೆಳಗೆ 1 ಪ್ಲಸ್ ಸೈನ್ ಥೀಟಾ ಪ್ಲಸ್ ಕಾಸ್ ಥೀಟಾ. ಇದು ಟ್ಯಾನ್ ಥೀಟಾ ಬೈ 2 ಅಂತ ತೋರಿಸಬೇಕು. ಒಬ್ಬಳು ಕಾಂಜುಗೇಟ್‌ನಿಂದ ಗುಣಿಸುತ್ತಾಳೆ, ಸಾಲುಗಳು ಉದ್ದ ಆಗುತ್ತಾ ಹೋಗುತ್ತವೆ. ಇನ್ನೊಬ್ಬಳು 1 ಮೈನಸ್ ಕಾಸ್ ಥೀಟಾವನ್ನು 2 ಸೈನ್ ಸ್ಕ್ವೇರ್ ಥೀಟಾ ಬೈ 2 ಅಂತ ಬರೆದು, ಉಳಿದದ್ದನ್ನೂ ಅರ್ಧ ಕೋನಕ್ಕೆ ತಂದು ಮೂರೇ ಸಾಲಿನಲ್ಲಿ ಮುಗಿಸುತ್ತಾಳೆ. ಎರಡನ್ನೂ ಪಕ್ಕ ಪಕ್ಕ ನೋಡಿದಾಗ, ಉತ್ತರದಲ್ಲಿ ಅರ್ಧ ಕೋನ ಇದ್ದರೆ ಮೊದಲಿಗೇ ಅತ್ತ ಹೊರಡಬೇಕು ಅನ್ನೋದು ತಾನಾಗಿ ತಲೆಗೆ ಹೋಗುತ್ತದೆ.

ಹಲಗೆಯಲ್ಲೂ ಒಂದು ತೊಂದರೆ ಇದೆ. ಜಾಣೆಯಾದವಳು ಖಡು (ಸೀಮೆಸುಣ್ಣ) ಕಸಿದುಕೊಂಡು ‘ತಡೀ, ನಾನ ಮಾಡ್ತೀನಿ’ ಅಂತ ಪೂರ್ತಿ ಬರೆದುಬಿಡುತ್ತಾಳೆ. ನೋಡಿದವರಿಗೆಲ್ಲ ತಿಳಿದಂತೆ ಅನಿಸುತ್ತದೆ. ಮರುದಿನ ಕೇಳಿದರೆ ಯಾರಿಗೂ ಬರಲ್ಲ. ಅದಕ್ಕೆ ಖಡು ಯಾವಾಗಲೂ ಸಿಕ್ಕಿಕೊಂಡವಳ ಕೈಯಲ್ಲೇ ಇರಬೇಕು, ಉಳಿದವರದು ಬಾಯಿ ಮಾತ್ರ ಅಂತ ಮಾಡಿಕೊಂಡೆವು. ಇದನ್ನು ಪಾಲಿಸೋದು ನಿಜಕ್ಕೂ ಕಷ್ಟ. ಗೊತ್ತಿದ್ದವರಿಗೆ ಕೈ ಕಟ್ಟಿ ಕೂರೋಕೆ ಆಗಲ್ಲ. ಆದರೆ ಪಾಲಿಸಿದ ದಿನಗಳಲ್ಲಿ ಕಲಿತದ್ದು ಪರೀಕ್ಷೆಯವರೆಗೂ ಉಳಿದಿದೆ.

ಇನ್ನು ವಾಟ್ಸಾಪ್. ರಜೆಗೆ ಎಲ್ಲರೂ ಊರು ಸೇರಿದಾಗ, ಪರೀಕ್ಷೆಯ ಹಿಂದಿನ ರಾತ್ರಿ, ಇದು ಬಿಟ್ಟರೆ ಬೇರೆ ದಾರಿ ಇಲ್ಲ. ಒಂದು ಚರ್ಚೆಯಂತೂ ಗ್ರೂಪ್‌ನಲ್ಲೇ ಬಹಳ ಚೆನ್ನಾಗಿ ನಡೆಯಿತು. ಸೈನ್ ಎಕ್ಸ್ ಕಾಸ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿ, ಅಂದರೆ ಇದು ಯಾವುದರ ಡೆರಿವೇಟಿವ್ ಅಂತ ಹುಡುಕಿ, ಒಬ್ಬರು ಸೈನ್ ಸ್ಕ್ವೇರ್ ಎಕ್ಸ್‌ನ ಅರ್ಧ ಅಂದರು. ಇನ್ನೊಬ್ಬರು ಮೈನಸ್ ಕಾಸ್ ಸ್ಕ್ವೇರ್ ಎಕ್ಸ್‌ನ ಅರ್ಧ ಅಂದರು. ಮತ್ತೊಬ್ಬರದು ಮೈನಸ್ ಕಾಸ್ 2ಎಕ್ಸ್‌ನ ಕಾಲು ಭಾಗ. ರಾತ್ರಿಯೆಲ್ಲ ಜಗಳ. ಕೊನೆಗೆ ಒಬ್ಬ ಹುಡುಗ ಮೊದಲನೆಯದರಿಂದ ಎರಡನೆಯದನ್ನು ಕಳೆದು ನೋಡಿದ. ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ 1 ಅಲ್ವಾ? ಉಳಿದದ್ದು ಬರೀ ಅರ್ಧ, ಅಂದರೆ ಒಂದು ಕಾನ್‌ಸ್ಟಂಟ್. ಮೂರನೆಯದೂ ಹಾಗೆಯೇ. ಮೂರೂ ಸರಿ. ಕೊನೆಗೆ ಹಚ್ಚುವ ಪ್ಲಸ್ ಸಿ ಯಾಕೆ ಬೇಕು ಅಂತ ನಮಗೆಲ್ಲ ಅವತ್ತು ನಿಜವಾಗಿ ತಿಳಿಯಿತು. ಮೂರು ಕಡೆ ಕೂತ ಮೂವರು ಬೇರೆ ಬೇರೆಯಾಗಿ ಮಾಡಿದ್ದರಿಂದಲೇ ಇದು ಆಯಿತು. ಒಂದೇ ಹಲಗೆ ಮುಂದೆ ಇದ್ದಿದ್ದರೆ ಮೊದಲ ಉತ್ತರಕ್ಕೇ ಎಲ್ಲರೂ ತಲೆ ಆಡಿಸುತ್ತಿದ್ದೆವೇನೋ.

ಆದರೆ ದಿನಾ ನಡೆಯೋದು ಹೀಗಲ್ಲ. ಒಬ್ಬರು ಪ್ರಶ್ನೆಯ ಫೋಟೋ ಹಾಕುತ್ತಾರೆ, ಇನ್ನೊಬ್ಬರು ಉತ್ತರದ ಫೋಟೋ ಹಾಕುತ್ತಾರೆ. ಥ್ಯಾಂಕ್ಸ್. ಮುಗೀತು. ಕೇಳಿದವರು ಎಲ್ಲಿವರೆಗೆ ಬಂದಿದ್ದರು ಅಂತ ಯಾರೂ ಕೇಳಲ್ಲ. ಟೈಪ್ ಮಾಡಿದರೆ ಇನ್ನೊಂದು ತಾಪತ್ರಯ: ಸೈನ್ ಸ್ಕ್ವೇರ್ ಎಕ್ಸ್ ಯಾವುದು, ಸೈನ್ 2ಎಕ್ಸ್ ಯಾವುದು ಅಂತ ಗೊತ್ತಾಗಲ್ಲ. ವಾಯ್ಸ್ ಮೆಸೇಜ್ ಕಳಿಸಿದರೆ ಎಷ್ಟೋ ವಾಸಿ.

ಒಮ್ಮೆ ಒಬ್ಬಳು, ಎಕ್ಸ್ ಸೊನ್ನೆಗೆ ಹತ್ತಿರ ಆದಾಗ ಸೈನ್ ಎಕ್ಸ್ ಬೈ ಎಕ್ಸ್ ಯಾಕೆ 1 ಬರುತ್ತಿಲ್ಲ ಅಂತ ಕೇಳಿದಳು. 0.1 ಹಾಕಿದರೂ 0.01 ಹಾಕಿದರೂ ಅವಳಿಗೆ 0.01745 ಬರುತ್ತಿತ್ತು. ಗ್ರೂಪ್‌ನಲ್ಲಿ ಈ ಲಿಮಿಟ್ 1 ಅಂತ ತೋರಿಸುವ ಸ್ಯಾಂಡ್‌ವಿಚ್ ಥಿಯರಮ್‌ನ ಪ್ರೂಫ್‌ಗಳೇ ಬಂದು ಬಿದ್ದವು, ಒಂದೂ ಅವಳಿಗೆ ಬೇಕಾದದ್ದಲ್ಲ. ಮರುದಿನ ಪಕ್ಕ ಕೂತಾಗ ಅವಳ ಫೋನಿನ ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿ ಇದ್ದದ್ದು ಕಣ್ಣಿಗೆ ಬಿತ್ತು. ಆ ಸಂಖ್ಯೆ ಪೈ ಬೈ 180. ಲಿಮಿಟ್ 1 ಆಗೋದು ಎಕ್ಸ್ ರೇಡಿಯನ್‌ನಲ್ಲಿ ಇದ್ದಾಗ ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೋಟ್‌ಬುಕ್. ನಮ್ಮ ಕ್ಲಾಸಿನಲ್ಲಿ ಪಿಜಿಯ ಹುಡುಗಿಯರಿದ್ದಾರೆ, ಹಾಸ್ಟೆಲ್ ಹುಡುಗರಿದ್ದಾರೆ, ಹುಬ್ಬಳ್ಳಿಯಿಂದ ದಿನಾ ಚಿಗರಿ ಬಸ್‌ನಲ್ಲಿ ಬಂದು ಹೋಗುವವರಿದ್ದಾರೆ. ಸಂಜೆ ನಮ್ಮ ಗೇಟ್ ಬೇಗ ಹಾಕುತ್ತಾರೆ. ಎಲ್ಲರೂ ಒಟ್ಟಿಗೆ ಕೂರೋಕೆ ಆಗೋದೇ ಇಲ್ಲ. ಅದಕ್ಕೆ ಒಂದು ದಪ್ಪ ನೋಟ್‌ಬುಕ್ ತಂದೆವು. ಎಡಗಡೆ ಪುಟದಲ್ಲಿ ಲೆಕ್ಕ, ಜೊತೆಗೆ ತಾನು ಎಲ್ಲಿವರೆಗೆ ಮಾಡಿದೆ ಅನ್ನೋದು. ಇದು ಇಲ್ಲದಿದ್ದರೆ ಯಾರೂ ಮುಟ್ಟಬಾರದು. ಬಲಗಡೆ ಪುಟದಲ್ಲಿ ಗೊತ್ತಿದ್ದವರು ಒಂದೇ ಒಂದು ಸಾಲು ಬರೆಯಬೇಕು. ಪೂರ್ತಿ ಉತ್ತರ ಬರೆಯುವಂತಿಲ್ಲ.

ಉದಾಹರಣೆಗೆ, ಇ ಪವರ್ ಎಕ್ಸ್ ಇಂಟು ಒಂದು ಭಿನ್ನರಾಶಿ, ಮೇಲೆ 1 ಪ್ಲಸ್ ಸೈನ್ ಎಕ್ಸ್, ಕೆಳಗೆ 1 ಪ್ಲಸ್ ಕಾಸ್ ಎಕ್ಸ್. ಇದನ್ನು ಇಂಟಿಗ್ರೇಟ್ ಮಾಡಬೇಕು. ಒಬ್ಬ ಅರ್ಧ ಕೋನಕ್ಕೆ ತಂದು, ಅರ್ಧ ಸೆಕ್ ಸ್ಕ್ವೇರ್ ಎಕ್ಸ್ ಬೈ 2 ಪ್ಲಸ್ ಟ್ಯಾನ್ ಎಕ್ಸ್ ಬೈ 2 ಅನ್ನುವವರೆಗೆ ಬಂದು ನಿಂತಿದ್ದ. ಮುಂದೆ ಬೈ ಪಾರ್ಟ್ಸ್ ಶುರು ಮಾಡಿ ಕಾಟು ಹೊಡೆದಿದ್ದ. ಬಲಗಡೆ ಯಾರೋ ಬರೆದಿದ್ದರು: ‘ಇವೆರಡರಲ್ಲಿ ಒಂದು ಇನ್ನೊಂದರ ಡೆರಿವೇಟಿವ್ ಅಲ್ವಾ?’ ಅಷ್ಟೇ ಸಾಕಾಯಿತು. ಟ್ಯಾನ್ ಎಕ್ಸ್ ಬೈ 2ರ ಡೆರಿವೇಟಿವ್ ಪಕ್ಕದಲ್ಲೇ ಇದೆ. ಉತ್ತರ ಇ ಪವರ್ ಎಕ್ಸ್ ಟ್ಯಾನ್ ಎಕ್ಸ್ ಬೈ 2 ಪ್ಲಸ್ ಸಿ. ಕೊನೆಯ ಸಾಲನ್ನು ಅವನೇ ಬರೆದ. ಆ ಪುಟ ನೋಡಿದಾಗ ನನಗೆ ಆದ ಖುಷಿ, ಲೆಕ್ಕ ನಾನೇ ಬಿಡಿಸಿದ್ದರೂ ಆಗುತ್ತಿರಲಿಲ್ಲ.

ನೋಟ್‌ಬುಕ್ ನಿಧಾನ, ಅದು ನಿಜ. ಇವತ್ತು ಕೇಳಿದರೆ ನಾಳೆಯೋ ನಾಡಿದ್ದೋ ಉತ್ತರ. ಟೆಸ್ಟ್ ಹತ್ತಿರ ಬಂದಾಗ ಒಬ್ಬರ ಬ್ಯಾಗಿನಲ್ಲೇ ಉಳಿದುಬಿಡುತ್ತದೆ. ಆದರೆ ಆ ಕಾಯುವ ಹೊತ್ತಿನಲ್ಲಿ ಅರ್ಧದಷ್ಟು ಡೌಟ್‌ಗಳು ಬರೆದವರಿಗೇ ಬಗೆಹರಿದಿರುತ್ತವೆ. ಎಲ್ಲಿ ನಿಂತೆ ಅಂತ ನೀಟಾಗಿ ಬರೆಯಲು ಕೂತಾಗಲೇ ತಪ್ಪಿದ ಸಾಲು ಕಾಣುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯ: ಹಲಗೆ ಮುಂದೆ ಬಾಯಿ ಬಿಡದವರು, ಗ್ರೂಪ್‌ನಲ್ಲಿ ಮೆಸೇಜ್ ಹಾಕಲು ನಾಚಿಕೊಳ್ಳುವವರು ನೋಟ್‌ಬುಕ್‌ನಲ್ಲಿ ಧೈರ್ಯವಾಗಿ ಬರೆದರು.

ಫಾರ್ಮುಲಾ ಬಾಯಿಪಾಠಕ್ಕೆ ಇವು ಮೂರೂ ಬೇಡ. ಚಿಗರಿ ಬಸ್‌ನಲ್ಲಿ ಒಬ್ಬರು ‘ಕಾಸ್ 3ಎಕ್ಸ್?’ ಅಂದರೆ ಇನ್ನೊಬ್ಬರು ‘4 ಕಾಸ್ ಕ್ಯೂಬ್ ಮೈನಸ್ 3 ಕಾಸ್’ ಅನ್ನುತ್ತಾ ಹೋದರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಒಂದು ಪಟ್ಟಿ ಮುಗಿಯುತ್ತದೆ.

ಈಗ ಜೂನಿಯರ್‌ಗಳು ಕೇಳಿದರೆ ನಾನು ಹೇಳೋದು ಇಷ್ಟು. ರೇಟ್, ಮ್ಯಾಕ್ಸಿಮಾ-ಮಿನಿಮಾ, ಐಡೆಂಟಿಟಿ ಇದ್ದರೆ ಒಟ್ಟಿಗೆ ಕೂರಿ. ಉತ್ತರ ಹೊಂದುತ್ತದೋ ಇಲ್ಲವೋ ನೋಡಲು ವಾಟ್ಸಾಪ್ ಸಾಕು. ಇಂಟಿಗ್ರೇಷನ್ ಶುರುವಾದ ದಿನವೇ ನೋಟ್‌ಬುಕ್ ಶುರು ಮಾಡಿ. ಇನ್ನೂರು ಪುಟದ್ದೇ ತಗೊಳ್ಳಿ, ಬಲಗಡೆ ಪುಟಗಳು ಖಾಲಿ ಇರಲಿ, ಮತ್ತೆ ಶುಕ್ರವಾರ ಅದು ಯಾರ ಬ್ಯಾಗಿನಲ್ಲಿ ಹೋಗುತ್ತದೆ ಅಂತ ಗುರುವಾರವೇ ಮಾತಾಡಿಕೊಳ್ಳಿ.