ಮೊಬೈಲ್ ಪಾಠವೋ, ಜಗಲಿ ಪಾಠವೋ?

ಶಾಲೆ ಮತ್ತೆ ಮುಚ್ಚಿದರೆ ಮಗುವನ್ನು ಎಲ್ಲಿ ಕೂರಿಸುವುದು ಎಂದು ಕೇಳುವವರಿಗೆ ಕೊರೊನಾ ಕಾಲದ, 2020ರ ಬೆಂಗಳೂರೇ ಉತ್ತರ ಕೊಟ್ಟಿದೆ. ಮೊಬೈಲ್ ತರಗತಿಯಲ್ಲಿ ಸೋಂಕಿನ ಭಯವಿಲ್ಲ. ಆದರೆ ಮನೆಯ ಒಂದೇ ಒಂದು ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೊರಟರೆ ತರಗತಿಯೂ ಹೊರಟಿತು. ಶ್ರೀರಾಮಪುರದ ನಮ್ಮ ವಠಾರದಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕದಲ್ಲಿ ಅಚ್ಚಾಗಿದ್ದ ‘ಳ’ವನ್ನೂ ಬೆರಳಿನಿಂದ ಪಕ್ಕಕ್ಕೆ ಸರಿಸಲು ನೋಡುತ್ತಿದ್ದಳು, ಪೆನ್ಸಿಲ್ ಹಿಡಿದು ತಿದ್ದಿದ್ದು ಅಷ್ಟಕ್ಕಷ್ಟೇ. ಆಗಸ್ಟ್‌ನಲ್ಲಿ ಆರಂಭವಾದ ರಾಜ್ಯ ಸರ್ಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಬಂದು ಜಗಲಿಯಂಥ ಕಡೆ ಪುಟ್ಟ ಗುಂಪುಗಳಿಗೆ ಕಲಿಸಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ನಿಜ. ಹೈಸ್ಕೂಲಿನವರು ಮೊಬೈಲ್‌ನಲ್ಲೇ ಹೇಗೋ ಸುಧಾರಿಸಿಕೊಂಡಾರು. ಅಕ್ಷರ ಈಗಷ್ಟೇ ಕಲಿಯುವ ಕೂಸಿಗಾದರೆ ನಾನು ಜಗಲಿಯನ್ನೇ ಆರಿಸುತ್ತೇನೆ. ಜಗಳವಾಡುವುದಕ್ಕಾದರೂ ಅಲ್ಲಿ ಜೊತೆಗಾರರು ಸಿಗುತ್ತಾರೆ.